ಬ್ಯಾನರ್ ಮಹಾಶಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಬ್ಯಾನರ್ ಮಹಾಶಯರೇ,

ಹೋದ ಜೂನ್ 26ರಂದು ತಮ್ಮ ಎಡಗಡೆಯ ಕೋಲು ಹಿಡಿದು ನಂಜನಗೂಡಿನ ಬೀದಿಯಲ್ಲಿ ನಡೆದ ನಿವೃತ್ತ ಮೇಷ್ಟ್ರು ನಾನೇ. ‘ಮಾದಕ ವಸ್ತು ವಿರೋಧಿ ದಿನ’ ಎಂದು ತಮ್ಮ ಎದೆಯ ಮೇಲೆ ದೊಡ್ಡದಾಗಿ ಬರೆದಿತ್ತು. ಅದಕ್ಕಿಂತ ದೊಡ್ಡದಾಗಿ ಅತಿಥಿಗಳ ಮುಖಗಳಿದ್ದವು. ಇಸವಿಯ ಮೇಲೆ ಮಾತ್ರ ಹೊಸ ಸ್ಟಿಕ್ಕರ್.

ಜಾಥಾ ಭರ್ಜರಿಯಾಗಿಯೇ ಆಯಿತು. ಮಕ್ಕಳು ಘೋಷಣೆ ಕೂಗಿದರು, ಪ್ರತಿಜ್ಞೆ ಮಾಡಿದರು, ಉಪ್ಪಿಟ್ಟು ತಿಂದರು. ಯಾರ ಸಲುವಾಗಿ ಜಾಥಾ ಹೊರಟಿತ್ತೋ ಅವನೊಬ್ಬ ಅದರಲ್ಲಿರಲಿಲ್ಲ. ಅವನು ಶಾಲೆ ಬಿಟ್ಟು ವರ್ಷವಾಯಿತು. ಪಂಕ್ಚರ್ ಅಂಗಡಿಯ ಪಕ್ಕ ನಿಂತು, ಬಟ್ಟೆ ಚೂರನ್ನು ಮೂಗಿಗೆ ಹಿಡಿದುಕೊಂಡು ನಮ್ಮ ಮೆರವಣಿಗೆ ನೋಡುತ್ತಿದ್ದ. ಅದರಲ್ಲಿದ್ದದ್ದು ಸಲ್ಯೂಷನ್. ಟ್ಯೂಬಿಗೆ ಹಚ್ಚಿದರೆ ತೂತು ಮುಚ್ಚುತ್ತದೆ, ಮೂಗಿಗೆ ಹಿಡಿದರೆ ಹಸಿವು ಮರೆಸುತ್ತದೆ. ತಮ್ಮ ಮೇಲಿನ ಸಿರಿಂಜು, ತಲೆಬುರುಡೆಗಳ ನಡುವೆ ಅದಕ್ಕೆ ಜಾಗವಿಲ್ಲ. 1985ರ ಮಾದಕ ವಸ್ತು ಕಾಯ್ದೆಯಲ್ಲೂ ಇಲ್ಲ.

ಮಧ್ಯಾಹ್ನ ತಾವು ಟಿ. ನರಸೀಪುರಕ್ಕೆ ಸವಾರಿ ಬೆಳೆಸಿದಿರಿ. ಅಲ್ಲಿಯ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ. ಕಾಶಿಗಿಂತ ಆ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ನಮ್ಮವರ ಹೆಮ್ಮೆ. ಅದೇ ತಕ್ಕಡಿಗೆ ನಮ್ಮ ವರ್ಷದ ಹೋರಾಟವನ್ನು ಹಾಕಿದರೆ, ತಾವು, ತಮ್ಮ ಕೋಲು, ಅತಿಥಿಗಳ ಹಾರ ಸೇರಿ ಮೂರು ಕಿಲೊ ಬರಬಹುದು. ಉಳಿದದ್ದಕ್ಕೆ ಗುಲಗಂಜಿಯೇ ಜಾಸ್ತಿ.

ಹಾಗೆಂದು ನಾವು ಕೈಕಟ್ಟಿ ಕೂತಿಲ್ಲ. ಹುಡುಗರ ಜೇಬು ತಡಕುವುದರಲ್ಲಿ ನಾವು ಗಟ್ಟಿಗರು. ಮೈಸೂರಿನಲ್ಲೇ ಮೆಫೆಡ್ರೋನ್ ಎಂಬ ಮಾದಕ ವಸ್ತು ತಯಾರಾಗುತ್ತಿದೆಯೆಂದು ಪತ್ತೆ ಹಚ್ಚಲು ಮಾತ್ರ 2025ರ ಜುಲೈನಲ್ಲಿ ಮುಂಬೈ ಪೊಲೀಸರು ಬರಬೇಕಾಯಿತು.

ನಮ್ಮೂರ ದೇವರು ನಂಜುಂಡ ಎಂದರೆ ನಂಜನ್ನು ಉಂಡ ಶಿವ. ಅವನಿಗೆ ನಾವು ರಥ ಕಟ್ಟಿ ಎಳೆಯುತ್ತೇವೆ. ನಂಜುಂಡ ಹುಡುಗನಿಗೆ ಟಿ.ಸಿ. ಕೊಟ್ಟು ಕಳಿಸುತ್ತೇವೆ. ವಿಷ ಒಳಗಿಳಿಯದಂತೆ ಶಿವನ ಕೊರಳು ಹಿಡಿಯಲು ಪಾರ್ವತಿಯಿದ್ದಳು. ನಮ್ಮ ಹುಡುಗನ ಕೊರಳಿಗೂ ಕೈ ಹಾಕಿದೆವು, ಗೇಟಿನಾಚೆ ದಬ್ಬಲು. ಹಾಗೆ ದಬ್ಬಿದ ಕೈಗಳಲ್ಲಿ ನನ್ನದೂ ಒಂದು. ಟಿ.ಸಿ. ಬರೆದದ್ದೂ, ತಮ್ಮ ಕೋಲು ಹಿಡಿದದ್ದೂ ಅದೇ ಕೈ.

ಸರ್ಕಾರದ ಮಾನ್ಯತೆಯಿರುವ ಆಸ್ಪತ್ರೆಗೆ ತಾನಾಗಿ ಬಂದು ಪೂರ್ತಿ ಚಿಕಿತ್ಸೆ ಪಡೆದ ವ್ಯಸನಿಗೆ ಸೇವನೆಯ ಮೊಕದ್ದಮೆಯಿಂದ ರಕ್ಷಣೆಯಿದೆ ಎಂದು 1985ರ ಅದೇ ಕಾಯ್ದೆಯ 64ಎ ಕಲಂ ಹೇಳುತ್ತದೆ. 14446ಕ್ಕೆ ಕಾಸಿಲ್ಲದೆ ಫೋನ್ ಮಾಡಿ ಸಲಹೆ ಕೇಳಬಹುದು. ಈ ಎರಡು ಸಾಲು ತಮ್ಮ ಮೇಲೆ ಇರಲಿಲ್ಲ. ಅತಿಥಿಗಳ ಪೈಕಿ ಒಬ್ಬರ ಮುಖ ಕಡಿಮೆ ಮಾಡಿದ್ದರೆ ಹಿಡಿಸುತ್ತಿತ್ತು.

ಬರುವ ಜೂನ್‌ಗೆ ಕೋಲು ಹಿಡಿಯಲು ಬೇರೆಯವರನ್ನು ನೋಡಿಕೊಳ್ಳಿ. ನನಗೆ ಎರಡೂ ಕೈ ಬೇಕಾಗಿವೆ. ಪಂಕ್ಚರ್ ಅಂಗಡಿಯ ಹುಡುಗನನ್ನು ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ಅವನು ಮೂರು ಸಲ ತಪ್ಪಿಸಿಕೊಂಡಿದ್ದಾನೆ. ನಾಲ್ಕನೆಯ ಸಲಕ್ಕೆ ಹೊರಟಿದ್ದೇನೆ.

ತಾವು ಸದ್ಯ ನರಸೀಪುರದ ಕಣವೊಂದರಲ್ಲಿ ಭತ್ತದ ರಾಶಿಯ ಮೇಲೆ ಮಲಗಿದ್ದೀರೆಂದು ಕೇಳಿದೆ. ಸಂತೋಷ. ಮಳೆ ಬಂದರೆ ಅದೊಂದನ್ನಾದರೂ ಕಾಯಿರಿ.

ಇಂತಿ ತಮ್ಮ,
ಎಡಗಡೆಯ ಕೋಲು