ಪಕ್ಕದವ-ಮೀಮಾಂಸೆ

ಉಳ್ಳಾರ್ತಿ ಕಾವಲ್ ಸೀಮೆಯ ಪ್ರಾಥಮಿಕ ಶಾಲೆಗಳಲ್ಲಿ ಮಗು ಕಲಿಯುವುದು ಯಾರಿಂದ ಎಂಬ ಗಹನ ವಿಚಾರವನ್ನು ಈ ಪ್ರಬಂಧ ಎತ್ತಿಕೊಂಡಿದೆ. ಪೂರ್ವಪಕ್ಷ: ಮೇಷ್ಟ್ರಿಂದ. ಸಿದ್ಧಾಂತ: ಪಕ್ಕದಲ್ಲಿ ಕೂತವನಿಂದ. ಮೇಷ್ಟ್ರು ನಿಮಿತ್ತಮಾತ್ರ.

ಶಾಸ್ತ್ರಾಧಾರಕ್ಕೆ ಕೊರತೆಯಿಲ್ಲ. 1995ರಲ್ಲಿ ಎಚ್.ಡಿ.ಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಕೂರುವುದು ಐದು ತಟ್ಟೆಗಳಲ್ಲಿ, ಅಂದರೆ ಗುಂಪುಗಳಲ್ಲಿ. ಅವುಗಳಲ್ಲಿ ಎರಡು ಗೆಳೆಯರ ನೆರವಿನವು. ಪಕ್ಕದವನ ಸ್ಲೇಟು ನೋಡಿ ಬರೆಯುವುದಕ್ಕೆ ನಮ್ಮ ಕಾಲದಲ್ಲಿ ಬೆತ್ತದೇಟು ಬೀಳುತ್ತಿತ್ತು. ಈಗ ಇಲಾಖೆಯೇ ಅದಕ್ಕೊಂದು ತಟ್ಟೆ ಹಾಕಿ ಕೊಟ್ಟಿದೆ. ಇನ್ನೂ ಹಿಂದಕ್ಕೆ ಹೋದರೆ ಆಂಡ್ರೂ ಬೆಲ್ ಎಂಬಾತ ಸಿಗುತ್ತಾನೆ. ಮದ್ರಾಸಿನಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತೀಡುವುದನ್ನು ಕಂಡು, ತನ್ನ ಅನಾಥಾಲಯದಲ್ಲೂ ಹಾಗೇ ಕಲಿಸಿ ಎಂದ. ಮೇಷ್ಟ್ರುಗಳು ಜಪ್ಪಯ್ಯ ಅನ್ನಲಿಲ್ಲ. ಎಂಟು ವರ್ಷದ ಹುಡುಗನೊಬ್ಬನನ್ನೇ ಮೇಷ್ಟ್ರ ಜಾಗದಲ್ಲಿ ಕೂರಿಸಿದ, ಕೆಲಸವಾಯಿತು. 1797ರಲ್ಲಿ ಅದನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿ ಹೆಸರು ಮಾಡಿದ. ಆ ಹುಡುಗನಿಗೆ ಪಗಾರ ಎಷ್ಟೆಂದು ಕೇಳಬಾರದು.

ಇನ್ನು ಪ್ರತ್ಯಕ್ಷ ಪ್ರಮಾಣ. ಬಿಸಿಯೂಟದ ಸಾಲಿನಲ್ಲಿ ‘ಮೊಟ್ಟೆ ಯಾರಿಗೆ, ಬಾಳೆಹಣ್ಣು ಯಾರಿಗೆ’ ಎಂಬ ಪ್ರಶ್ನೆ ಬಂದಾಗ ಎರಡನೇ ಕ್ಲಾಸಿನ ಹುಡುಗನ ಕೈಯನ್ನು ಗಮನಿಸಬೇಕು. ಮೊದಲು ಮೊಣಕೈವರೆಗೆ ಏಳುತ್ತದೆ, ನಿಲ್ಲುತ್ತದೆ. ಕಣ್ಣು ಎಡಕ್ಕೆ ಹೋಗಿ ಬರುತ್ತದೆ. ಎಡಗಡೆಯವನು ಬಾಳೆಹಣ್ಣು ಎಂದರೆ, ಮನೆಯಲ್ಲಿ ಎರಡು ಮೊಟ್ಟೆ ತಿಂದೂ ಇನ್ನೊಂದಕ್ಕೆ ರಂಪ ಮಾಡುವ ಈ ಪುಣ್ಯಾತ್ಮ ‘ನಂಗೂ ಹಣ್ಣೇ ಸಾ’ ಅನ್ನುತ್ತಾನೆ. ಸಾಲೋಮನ್ ಆಶ್ ಎಂಬ ಪಂಡಿತ 1950ರ ದಶಕದಲ್ಲಿ ಇಂಥದ್ದನ್ನೇ ತೋರಿಸಲು ಅಮೆರಿಕದಲ್ಲಿ ಗೆರೆ ಎಳೆದು, ಸುಳ್ಳು ಹೇಳುವವರನ್ನು ಮೊದಲೇ ಗೊತ್ತುಮಾಡಿಕೊಂಡು ಪಾಡುಪಟ್ಟ. ಇಲ್ಲಿ ಒಂದು ಬಾಳೆಹಣ್ಣು ಸಾಕು.

ಭಾಷೆಯ ವಿಚಾರ ಇನ್ನೂ ಸ್ವಾರಸ್ಯ. ಆಂಧ್ರದ ಗಡಿ ಹತ್ತಿರವಾದ್ದರಿಂದ ಈ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು. ಮಗುವಿನ ಮಾತು ಹೆತ್ತವರಂತಲ್ಲ, ಗೆಳೆಯರಂತೆ ತಿರುಗುತ್ತದೆ ಎಂದು ಜೂಡಿತ್ ಹ್ಯಾರಿಸ್ 1998ರಲ್ಲಿ ದಪ್ಪ ಪುಸ್ತಕವನ್ನೇ ಬರೆದಳು. ತೆಲುಗಿನ ಮಗು ಗೋಲಿ ಆಡುತ್ತಾ ಕನ್ನಡ ಕಲಿಯುತ್ತದೆ, ಕನ್ನಡದ ಮಗು ಅದೇ ಗೋಲಿಯಲ್ಲಿ ತೆಲುಗು ಕಲಿಯುತ್ತದೆ. ಮೈಸೂರು ಕಡೆಯಿಂದ ಬಂದ ಮೇಷ್ಟ್ರು ಎರಡು ವರ್ಷಕ್ಕೆ ‘ಏಂರಾ’ ಅನ್ನತೊಡಗುತ್ತಾರೆ. ಅವರಿಗೂ ಪಕ್ಕದವರಿದ್ದಾರಲ್ಲ.

ಆಕ್ಷೇಪ: ಮಾತುಗಾರನ ಪಕ್ಕ ಮೌನಿಯನ್ನು ಕೂರಿಸಿದರೆ ಸರಿಹೋದಾನಲ್ಲ? ಉತ್ತರ: ಕೂರಿಸಿ ನೋಡಲಾಗಿದೆ. ವಾರದೊಳಗೆ ಇಬ್ಬರು ಮಾತುಗಾರರಾದರು.

ಆದ್ದರಿಂದ ಸರ್ಕಾರಕ್ಕೆ ಶಿಫಾರಸು. ಕಾವಲಿನಲ್ಲಿ ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಜಾಗ ಕೊಟ್ಟಾಗಿದೆ. ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮೇಷ್ಟ್ರುಗಳಿಗೆ ತರಬೇತಿಯೂ ನಡೆಯುತ್ತದೆ. ಪಕ್ಕದವನಿಗೆ ಮಾತ್ರ ತರಬೇತಿಯಿಲ್ಲ, ಟಿ.ಎ., ಡಿ.ಎ. ಇಲ್ಲ. ಕೂಡಲೇ ಮಂಜೂರು ಮಾಡಬೇಕು. ಅವನನ್ನು ಎಬ್ಬಿಸಿ ಬೇರೆ ಸಾಲಿಗೆ ಹಾಕುವುದನ್ನು ವರ್ಗಾವಣೆಯೆಂದೇ ಪರಿಗಣಿಸಿ, ಕೌನ್ಸೆಲಿಂಗ್ ನಡೆಸಿ, ಪತಿ-ಪತ್ನಿ ಪ್ರಕರಣದ ಮಾದರಿಯಲ್ಲಿ ಜೀವದ ಗೆಳೆಯರಿಗೆ ಒಂದೇ ಬೆಂಚು ಕಾಯ್ದಿರಿಸಬೇಕು.