ಒಗ್ಗರಣೆಯಿಲ್ಲದ ಅಡುಗೆ

ಕನ್ನಡದ ಅಡುಗೆಮನೆಯಲ್ಲಿ ಕೆಟ್ಟುಹೋದ ಅಡುಗೆ ಎಂಬುದು ಅಪರೂಪ. ಅಲ್ಲಿರುವುದೆಲ್ಲ ಇನ್ನೂ ಸರಿಹೋಗದ ಅಡುಗೆ. ಸಾರು ನೀರಾದರೆ ಬೆಂದ ಬೇಳೆಯನ್ನು ಮಸೆದು ಬೆರೆಸಲಾಗುತ್ತದೆ, ಹುಳಿಗೆ ಉಪ್ಪು ಹೆಚ್ಚಾದರೆ ಆಲೂಗಡ್ಡೆಯ ಹೋಳುಗಳು ಇಳಿಯುತ್ತವೆ, ಗೊಜ್ಜು ಹಲ್ಲು ಚಳಿತುಹೋಗುವಷ್ಟು ಹುಳಿಯಾದರೆ ಬೆಲ್ಲದ ಅಚ್ಚಿನ ಮೂಲೆಯೊಂದು ಮುರಿದು ಬೀಳುತ್ತದೆ. ಇವೆಲ್ಲವೂ ಕೈಕೊಟ್ಟ ಹೊತ್ತಿನಲ್ಲಿ ಒಗ್ಗರಣೆ, ಅಂದರೆ ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿಸಿ, ಇಂಗು, ಕರಿಬೇವು, ಒಣಮೆಣಸಿನಕಾಯಿ ಹಾಕಿ ಚೊಂಯ್ ಎನ್ನಿಸಿ ಮೇಲೆ ಸುರಿಯುವ ಕ್ರಿಯೆ, ಆವರೆಗಿನ ಅಪರಾಧಗಳಿಗೆಲ್ಲ ಒಟ್ಟಾಗಿ ಕ್ಷಮಾದಾನ ನೀಡುತ್ತದೆ. ಬಡಿಸುವ ಎಲೆಯ ಅಂಚಿನವರೆಗೂ ತಿದ್ದುಪಡಿಗೆ ಅವಕಾಶವಿರುವ ಈ ಉದಾರ ವ್ಯವಸ್ಥೆಯೊಳಕ್ಕೆ ಚಾಕೊಲೇಟ್ ಕೇಕು ಕಾಲಿಟ್ಟಾಗ ಉಂಟಾಗುವ ಸಂಕಟದ ಮೂಲವನ್ನು ಹುಡುಕುತ್ತ ಹೋದರೆ, ಕೇಕಿಗೆ ಒಗ್ಗರಣೆ ಇಲ್ಲವೆಂಬ ಒಂದೇ ಕಾರಣಕ್ಕೆ ಬಂದು ನಿಲ್ಲಬೇಕಾಗುತ್ತದೆ. ಹಿಟ್ಟು ಪಾತ್ರೆಗೆ ಬಿದ್ದು, ಪಾತ್ರೆ ಒಲೆಯೊಳಗೆ ಸೇರಿದ ಮೇಲೆ ಅದಕ್ಕೂ ಅಡುಗೆ ಮಾಡಿದವರಿಗೂ ಉಳಿಯುವ ನಂಟು, ಉತ್ತರಪತ್ರಿಕೆ ಒಪ್ಪಿಸಿ ಹೊರಬಂದ ವಿದ್ಯಾರ್ಥಿಗೂ ಆ ಪತ್ರಿಕೆಗೂ ಉಳಿಯುವಷ್ಟೇ.

ಹೀಗಿದ್ದೂ ಈ ತಿನಿಸಿಗೆ ‘ಸುಲಭ’ ಎಂಬ ವಿಶೇಷಣ ಬಿಡಿಸಲಾಗದಂತೆ ಅಂಟಿಕೊಂಡಿದೆ. ಒಂದೂವರೆ ಕಪ್ ಮೈದಾ, ಒಂದು ಕಪ್ ಸಕ್ಕರೆ, ಕಾಲು ಕಪ್ ಕೋಕೋ ಪುಡಿ, ಒಂದು ಟೀ ಚಮಚ ಅಡುಗೆ ಸೋಡಾ ಮತ್ತು ಅರ್ಧ ಚಮಚ ಉಪ್ಪನ್ನು ಜರಡಿ ಹಿಡಿದು, ಅದಕ್ಕೆ ಕಪ್ಪಿನ ಮೂರನೆಯ ಒಂದು ಭಾಗದಷ್ಟು ಎಣ್ಣೆ, ಒಂದು ದೊಡ್ಡ ಚಮಚ ವಿನೆಗರ್, ಒಂದು ಚಮಚ ವೆನಿಲಾ ಎಸೆನ್ಸ್ ಮತ್ತು ಒಂದು ಕಪ್ ನೀರು ಬೆರೆಸಿ, 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೂವತ್ತೈದು ನಿಮಿಷದ ಆಸುಪಾಸು ಬೇಯಿಸಿದರೆ ಕೇಕು ಸಿದ್ಧವೆಂಬುದು ನಿಜವೇ. ಆದರೆ ಈ ವಾಕ್ಯದೊಳಗಿನ ‘ಕಪ್’ ಎಂಬುದು ಸುಮಾರು 240 ಮಿಲಿಲೀಟರ್ ಹಿಡಿಯುವ ಅಳತೆಯ ಪಾತ್ರೆಯೇ ಹೊರತು ಕಾಫಿ ಕುಡಿಯುವ ಸಾಧನವಲ್ಲ, ಮತ್ತು ಕಾಫಿಯನ್ನು ಲೋಟದಲ್ಲಿ ಕುಡಿಯುವ ನಾಡಿಗೆ ಈ ಸೂಕ್ಷ್ಮ ಎರಡು ಬಾರಿ ಅನ್ಯವಾಗಿದೆ. ಪಾವು, ಅಂದರೆ ಸೇರಿನ ಕಾಲು ಭಾಗ, ಇಂದಿಗೂ ಅಕ್ಕಿ ಡಬ್ಬದೊಳಗೆ ಬದುಕಿರುವ ಮನೆಗಳಲ್ಲಿ ಉಳಿದೆಲ್ಲವೂ ಕಣ್ಣಂದಾಜಿನ ಆಡಳಿತಕ್ಕೆ ಒಳಪಟ್ಟಿದ್ದು, ಎಷ್ಟು ಹಾಕಬೇಕೆಂದು ಕೇಳಿದವರಿಗೆ ‘ಹಿಡಿಸಿದಷ್ಟು’ ಎಂಬ ಉತ್ತರ ದೊರೆಯುತ್ತದೆ. ಕಪ್ಪಿನ ಬದಲು ಒಂದೇ ಲೋಟದಿಂದ ಎಲ್ಲವನ್ನೂ ಅಳೆದರೆ ಪ್ರಮಾಣ ಕೆಡುವುದಿಲ್ಲವೆಂದು ಬಲ್ಲವರು ಸಮಾಧಾನ ಹೇಳುವುದುಂಟು. ಲೋಟ ದೊಡ್ಡದಾದಾಗ ಸೋಡಾದ ಚಮಚ ತಾನಾಗಿ ಬೆಳೆಯುವುದಿಲ್ಲ ಎಂಬುದನ್ನು ಮಾತ್ರ ಅವರು ಹೇಳಲು ಮರೆಯುತ್ತಾರೆ.

ಮೇಲಿನ ಪಾಕಕ್ರಮ ಅಮೆರಿಕದ್ದು. ಹಾಲು, ಬೆಣ್ಣೆ, ಮೊಟ್ಟೆ ಈ ಮೂರೂ ಇಲ್ಲದ ಇದನ್ನು ಅಲ್ಲಿಯವರು ‘ವ್ಯಾಕಿ ಕೇಕ್’, ಅಂದರೆ ತಿಕ್ಕಲು ಕೇಕು, ಎಂದೂ ‘ಡಿಪ್ರೆಷನ್ ಕೇಕ್’ ಎಂದೂ ಕರೆದು, 1930ರ ದಶಕದ ಆರ್ಥಿಕ ಮುಗ್ಗಟ್ಟಿನೊಂದಿಗೂ ಮಹಾಯುದ್ಧ ಕಾಲದ ಪಡಿತರದೊಂದಿಗೂ ಅದರ ನೆನಪನ್ನು ಜೋಡಿಸುತ್ತಾರೆ. ಅಲ್ಲಿ ಬಡತನ ಕಿತ್ತುಕೊಂಡ ಮೊಟ್ಟೆಯನ್ನು ಇಲ್ಲಿ ಹಲವು ಮನೆಗಳ ಆಚಾರ ಹೊಸ್ತಿಲಲ್ಲೇ ತಡೆದು ನಿಲ್ಲಿಸುವುದರಿಂದ, ಒಂದು ದೇಶದ ಕೊರತೆ ಇನ್ನೊಂದು ದೇಶದ ಮಡಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿಕೊಂಡಿತು. ಮೊಟ್ಟೆಯಿಲ್ಲದೆ ಹಿಟ್ಟನ್ನು ಉಬ್ಬಿಸುವ ವಿದ್ಯೆಯ ಇತಿಹಾಸದಲ್ಲಿ ಒಬ್ಬ ಗೃಹಿಣಿಯ ಅಜೀರ್ಣಕ್ಕೆ ದೊಡ್ಡ ಸ್ಥಾನವಿದೆ: ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಔಷಧ ವ್ಯಾಪಾರಿ ಆಲ್‌ಫ್ರೆಡ್ ಬರ್ಡ್, ಮೊಟ್ಟೆ ಒಗ್ಗದ ಹೆಂಡತಿಗಾಗಿ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನೂ, ಯೀಸ್ಟ್ ಕೂಡ ಒಗ್ಗದ ಅದೇ ಹೆಂಡತಿಗಾಗಿ 1843ರಲ್ಲಿ ಬೇಕಿಂಗ್ ಪೌಡರನ್ನೂ ರೂಪಿಸಿದನು. ಬೇಕಿಂಗ್ ಪೌಡರ್ ಎಂದರೆ ಅಡುಗೆ ಸೋಡಾ, ಅದರೊಡನೆ ಜಗಳವಾಡಲು ಒಂದು ಒಣ ಆಮ್ಲ, ಮತ್ತು ಜಗಳ ಡಬ್ಬಿಯಲ್ಲೇ ಶುರುವಾಗದಂತೆ ನಡುವೆ ಕೂತ ಪಿಷ್ಟ. ಆಕೆಗೆ ಇನ್ನೊಂದೆರಡು ಪದಾರ್ಥ ಒಗ್ಗದೆ ಹೋಗಿದ್ದರೆ ಜಗತ್ತಿನ ಪಾಕಶಾಸ್ತ್ರ ಎಲ್ಲಿಗೆ ಮುಟ್ಟುತ್ತಿತ್ತೋ ಊಹಿಸುವುದು ಕಷ್ಟ.

ಕೇಕು ಪರದೇಶದ್ದಾದರೂ ಅದರ ಆತ್ಮವಾದ ಕೋಕೋ ಮಾತ್ರ ಕರ್ನಾಟಕದ ಹಿತ್ತಿಲಲ್ಲೇ ಬೆಳೆಯುತ್ತದೆ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಅಡಿಕೆ ಮರಗಳ ನೆರಳಿನಡಿ ‘ಕೊಕ್ಕೋ’ ಎಂಬ ಸ್ಥಳೀಯ ಉಚ್ಚಾರದೊಂದಿಗೆ ನೆಲೆನಿಂತಿರುವ ಈ ಗಿಡದ ಕಾಯಿಗಳು ರೆಂಬೆಯ ತುದಿಯಲ್ಲಿ ತೂಗದೆ ಹಲಸಿನಂತೆ ಕಾಂಡಕ್ಕೇ ಅಂಟಿಕೊಂಡು ಬಿಡುತ್ತವೆ. 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಮುಂದೆ ಕೋಕೋ ಖರೀದಿಗೂ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಬಿಳಿ ಲೋಳೆಯಿಂದ ಮುಚ್ಚಿದ ಹಸಿ ಬೀಜವನ್ನು ಐದಾರು ದಿನ ಹುದುಗಲು ಬಿಟ್ಟು, ಒಣಗಿಸಿ, ಹುರಿದು, ಅರೆದು, ಕೊಬ್ಬನ್ನು ಹಿಂಡಿ ತೆಗೆದ ಮೇಲೆ ಉಳಿಯುವ ಗಟ್ಟಿಯನ್ನು ಪುಡಿ ಮಾಡಿದರೆ ಕೋಕೋ ಪುಡಿ. ಈ ಹಿಂಡುವ ಯಂತ್ರಕ್ಕೆ 1828ರಲ್ಲಿ ಹಾಲೆಂಡಿನ ವ್ಯಾನ್ ಹೌಟನ್ ಮನೆತನ ಪೇಟೆಂಟ್ ಪಡೆಯಿತು. ಸಸ್ಯಗಳಿಗೆ ಹೆಸರಿಡುವ ಕ್ರಮವನ್ನು ನೆಲೆಗೊಳಿಸಿದ ಲಿನಿಯಸ್ 1753ರಲ್ಲಿ ಈ ಗಿಡದ ಕುಲಕ್ಕೆ ‘ಥಿಯೋಬ್ರೋಮ’, ಅಂದರೆ ದೇವತೆಗಳ ಆಹಾರ, ಎಂದು ನಾಮಕರಣ ಮಾಡಿದನು. ಪುತ್ತೂರು, ಸುಳ್ಯದ ತೋಟಗಳಲ್ಲಿ ಹಣ್ಣನ್ನು ಮೊದಲು ಕಚ್ಚುವವು ಮಂಗ ಮತ್ತು ಅಳಿಲುಗಳಾಗಿದ್ದು, ರಾಮಾಯಣವನ್ನು ಬಲ್ಲ ಕೃಷಿಕರು ಲಿನಿಯಸ್‌ನ ಹೆಸರಿನಲ್ಲಿ ದೋಷವೆಣಿಸಲಾರರು.

ಅನುಭವಿಗಳು ಮೂಲಕ್ರಮಕ್ಕೆ ಮಾಡುವ ತಿದ್ದುಪಡಿಗಳಲ್ಲಿ ಎರಡು ಉಲ್ಲೇಖಾರ್ಹ. ವಿನೆಗರ್ ಇಲ್ಲದ ಮನೆಯಲ್ಲಿ ನಿಂಬೆರಸ ಅಥವಾ ಹುಳಿಮೊಸರು ಆ ಕೆಲಸವನ್ನು ನಿರ್ವಹಿಸುತ್ತದೆ, ಏಕೆಂದರೆ ಸೋಡಾಕ್ಕೆ ಬೇಕಾಗಿರುವುದು ಯಾವುದಾದರೊಂದು ಹುಳಿ ಮಾತ್ರ. ಎರಡನೆಯದು, ನೀರಿನ ಬದಲಿಗೆ ಫಿಲ್ಟರಿನಿಂದ ಇಳಿದ ಬಿಸಿ ಡಿಕಾಕ್ಷನ್ನಿಗೆ ನೀರು ಬೆರೆಸಿ ಹಾಕುವುದು. ಹುರಿದ ಬೀಜದ ಕಹಿ ಎರಡರಲ್ಲೂ ಇರುವುದರಿಂದ ಕಾಫಿ ತಾನು ಮರೆಯಲ್ಲಿ ನಿಂತು ಚಾಕೊಲೇಟನ್ನು ಮುಂದೆ ತಳ್ಳುತ್ತದೆ, ಮತ್ತು ಕೇಕಿನ ರುಚಿಗೆ ಗಾಢತೆ ಬರುತ್ತದೆ. ಈ ಸಾಲುಗಳ ಲೇಖಕನ ಮಟ್ಟಿಗೆ ಕೇಕಿನ ಚರಿತ್ರೆಯಲ್ಲಿ ಕನ್ನಡನಾಡು ಸಲ್ಲಿಸಬಹುದಾದ ಅತ್ಯುತ್ತಮ ಕಾಣಿಕೆ ಇದು. ಸಂಜೆಯ ಕಾಫಿಗೆಂದು ಮೀಸಲಿದ್ದ ಡಿಕಾಕ್ಷನ್ ಹೀಗೆ ವಿನಿಯೋಗವಾಯಿತೆಂದು ಯಜಮಾನರಿಗೆ ತಿಳಿಯುವ ಗಳಿಗೆಯ ವಿಚಾರ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಕಲಸುವ ಹಂತದಲ್ಲಿ ಕನ್ನಡದ ಗೃಹಕೃತ್ಯದ ಒಂದು ಸದ್ಗುಣವೇ ಶತ್ರುವಾಗಿ ಪರಿಣಮಿಸುತ್ತದೆ. ಮೈದಾದಲ್ಲಿರುವ ಪ್ರೋಟೀನು ನೀರಿನೊಡನೆ ಸೇರಿ, ಎಳೆದಷ್ಟೂ ಹಿಗ್ಗುವ ‘ಗ್ಲೂಟೆನ್’ ಎಂಬ ಜಾಲವನ್ನು ಹೆಣೆಯುತ್ತದೆ. ಹೋಳಿಗೆಯ ಕಣಕವನ್ನು ನಾದಿದಷ್ಟೂ ಒಳ್ಳೆಯದೆಂದು ಹೇಳುವುದು ಈ ಜಾಲಕ್ಕಾಗಿಯೇ, ಮತ್ತು ಕೇಕಿನ ಹಿಟ್ಟನ್ನು ಕಲಸಿದಷ್ಟೂ ಕೆಟ್ಟದ್ದೆಂದು ಹೇಳುವುದೂ ಈ ಜಾಲಕ್ಕೆ ಹೆದರಿಯೇ. ಒಣಹಿಟ್ಟು ಕಾಣದಂತಾದ ಕ್ಷಣವೇ ಕೈ ನಿಲ್ಲಿಸಬೇಕಾಗಿದ್ದು, ಅಲ್ಲಿಗೇ ನಿಲ್ಲಿಸುವುದು ಸೋಮಾರಿತನವೆಂದು ಕಲಿತು ಬೆಳೆದ ಕೈಗಳಿಗೆ ಇದು ಅಸಾಧ್ಯ; ಮೇಲಾಗಿ ಹಾದುಹೋಗುವ ಪ್ರತಿಯೊಬ್ಬರೂ ‘ಇಲ್ಲೊಂದು ಗಂಟಿದೆ’ ಎಂದು ಎರಡು ಸುತ್ತು ತಿರುವಿಯೇ ಮುಂದೆ ಸಾಗುತ್ತಾರೆ. ಇತ್ತ ಸೋಡಾಕ್ಕೆ ಹುಳಿ ಸೋಕಿದೊಡನೆ ಇಂಗಾಲದ ಡೈ ಆಕ್ಸೈಡ್ ಗುಳ್ಳೆಗಳಾಗಿ ಏಳತೊಡಗಿರುತ್ತದೆ. ಇಡ್ಲಿಯ ಹಿಟ್ಟಿನಲ್ಲಿ ಸೂಕ್ಷ್ಮಜೀವಿಗಳು ರಾತ್ರಿಯಿಡೀ ನಿಧಾನವಾಗಿ ಉತ್ಪಾದಿಸುವ ಅನಿಲ ಇಲ್ಲಿ ನಿಮಿಷಗಳ ಲೆಕ್ಕದಲ್ಲಿ ಹುಟ್ಟಿ ಅಷ್ಟೇ ಬೇಗ ಗಾಳಿಗೆ ಸೇರಿಹೋಗುವುದರಿಂದ, ಹಿಟ್ಟು ತಡಮಾಡದೆ ಶಾಖಕ್ಕೆ ಹೋಗಬೇಕು. ತಳ ಸಮವಾಗಿರುವ ಪಾತ್ರೆ ಯಾವುದೆಂಬ ಶೋಧ ಆರಂಭವಾಗುವುದು ಸಾಮಾನ್ಯವಾಗಿ ಇದೇ ಹೊತ್ತಿನಲ್ಲಿ.

ಓವನ್ ಇಲ್ಲದ ಮನೆಗಳಲ್ಲಿ ಆ ಸ್ಥಾನವನ್ನು ಪ್ರೆಶರ್ ಕುಕ್ಕರ್ ತುಂಬುತ್ತದೆ. ತಳದಲ್ಲಿ ಕಿಲೋದಷ್ಟು ಪುಡಿಯುಪ್ಪನ್ನೋ ಮರಳನ್ನೋ ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಳದ ಗ್ಯಾಸ್ಕೆಟ್ಟನ್ನೂ, ಅಂದರೆ ಹಬೆ ಸೋರದಂತೆ ತಡೆಯುವ ರಬ್ಬರ್ ಬಳೆಯನ್ನೂ, ವೆಯ್ಟನ್ನೂ ತೆಗೆದಿರಿಸಿ, ಹತ್ತು ನಿಮಿಷ ಬರಿದೇ ಕಾಯಿಸಿ, ಅನಂತರ ಪಾತ್ರೆಯನ್ನು ಒಳಗಿಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡುವುದು ರೂಢಿ. ನೀರಿಲ್ಲದೆ ಕುಕ್ಕರನ್ನು ಕಾಯಿಸಬಾರದೆಂದು ಅದರ ಜೊತೆ ಬಂದ ಪುಸ್ತಿಕೆ ಹೇಳಿರುತ್ತದಾದರೂ, ಆ ಪುಸ್ತಿಕೆ ಎಲ್ಲಿದೆಯೆಂದು ಯಾರಿಗೂ ತಿಳಿದಿರುವುದಿಲ್ಲ. ಇಲ್ಲಿಯ ನಿಜವಾದ ಸಮಸ್ಯೆ ಬೇರೆ. ಅನ್ನಕ್ಕೆ ಮೂರು ಕೂಗು, ಬೇಳೆಗೆ ನಾಲ್ಕು, ಕಡಲೆಕಾಳಿಗೆ ಆರು ಎಂಬ ಲೆಕ್ಕದಲ್ಲಿ ನಡೆಯುವ ಅಡುಗೆಮನೆಗೆ ಕುಕ್ಕರು ಪಾತ್ರೆ ಮಾತ್ರವಲ್ಲ, ಗಡಿಯಾರವೂ ಹೌದು. ಪಕ್ಕದ ಮನೆಯ ಕೂಗನ್ನು ತನ್ನದೆಂದು ಎಣಿಸಿ ಬೇಳೆ ಬೇಯದೆ ಉಳಿಯುವಂಥ ಪ್ರಸಂಗಗಳನ್ನು ಬಿಟ್ಟರೆ ಈ ಗಡಿಯಾರ ನಂಬಿಕಸ್ತವಾದುದು. ವೆಯ್ಟ್ ತೆಗೆದೊಡನೆ ಅದು ಮೂಕವಾಗುತ್ತದೆ. ಒಳಗೆ ಏನೋ ನಡೆಯುತ್ತಿದೆ, ಆದರೆ ಅದು ಹೊರಗೆ ಒಂದು ಸೊಲ್ಲನ್ನೂ ಹೇಳುವುದಿಲ್ಲ ಎಂಬ ಸ್ಥಿತಿಯಲ್ಲಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮನೆಯವರ ಕೈ ಮುಚ್ಚಳದ ಕಡೆಗೆ ತಾನಾಗಿ ಚಾಚುತ್ತದೆ.

ಮುಚ್ಚಳ ತೆರೆಯುವುದೇ ಅನರ್ಥಕ್ಕೆ ಹಾದಿ. ಗುಳ್ಳೆಗಳು ಹಿಗ್ಗಿ ಹಿಟ್ಟನ್ನು ಮೇಲೆತ್ತಿರುತ್ತವೆಯಾದರೂ ಅವುಗಳ ಸುತ್ತಲಿನ ಗೋಡೆಗಳು, ಅಂದರೆ ಪಿಷ್ಟ ಮತ್ತು ಪ್ರೋಟೀನು, ಇನ್ನೂ ಗಟ್ಟಿಯಾಗಿರುವುದಿಲ್ಲ. ಆ ಹೊತ್ತಿನಲ್ಲಿ ತಣ್ಣನೆಯ ಗಾಳಿ ಒಳನುಗ್ಗಿದರೆ ಅನಿಲ ಕುಗ್ಗಿ, ತೇವ ಹೆಚ್ಚಿರುವ ನಡುಭಾಗ ಹೊಂಡವಾಗಿ ಇಳಿಯುತ್ತದೆ. ಹಾಗಾದರೆ ತೆರೆಯದೆ ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಬರುವುದು, ಅಚ್ಚರಿಯೆಂದರೆ, ಕೇಕನ್ನು ಮುಟ್ಟಲೂ ಒಲ್ಲದ ಅಜ್ಜಿಯಿಂದ. ನೈವೇದ್ಯಕ್ಕೆ ಮುನ್ನ ಅಡುಗೆಯ ರುಚಿ ನೋಡುವುದು ನಿಷಿದ್ಧವಾದ ಸಂಪ್ರದಾಯದಲ್ಲಿ ಪಳಗಿದ ಆಕೆ ಉಪ್ಪು ಹುಳಿಗಳನ್ನೂ ಬೆಂದ ಹದವನ್ನೂ ಮೂಗಿನಿಂದಲೇ ನಿರ್ಣಯಿಸುತ್ತ ಬಂದವರು. ಹದ ಎಂದರೆ ಮೈಸೂರು ಪಾಕಿನ ಪಾಕದಲ್ಲಿ ಎಳೆ ಬರುವ ಕ್ಷಣದಂಥದು, ಗಡಿಯಾರಕ್ಕೆ ಸಿಕ್ಕದೆ ಇಂದ್ರಿಯಕ್ಕೆ ಸಿಕ್ಕುವಂಥದು. ನಡುಮನೆಯಲ್ಲಿ ಹೂಬತ್ತಿ ಹೊಸೆಯುತ್ತ ಕೂತಲ್ಲಿಂದಲೇ ಅವರು ‘ಇನ್ನೂ ಹಸಿ ವಾಸನೆ ಇದೆ, ಹಾಗೇ ಬಿಡು’ ಎಂದೂ, ಕೊಂಚ ಹೊತ್ತಿನ ಬಳಿಕ ‘ಈಗ ಘಮ ಬಂತು ನೋಡು, ಇಳಿಸು ಮಗಾ’ ಎಂದೂ ಹೇಳುತ್ತಾರೆ; ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡ ಮೊಮ್ಮಗಳು ಅದು ಬಾರಿಸುವವರೆಗೂ ಕಾದು ತಳ ಸೀಯಿಸುತ್ತಾಳೆ. ರುಚಿ ನೋಡದೆ, ಮುಚ್ಚಳ ತೆಗೆಯದೆ ಅಡುಗೆ ಮಾಡಬೇಕೆಂಬ ಕೇಕಿನ ಕಟ್ಟುಪಾಡನ್ನು ಪಾಲಿಸಬಲ್ಲವರು ಮಡಿಯಲ್ಲಿ ಅಡುಗೆ ಮಾಡಿದವರೇ ಎಂಬುದನ್ನು ಪಾಕಶಾಸ್ತ್ರದ ಪುಸ್ತಕಗಳು ಗಮನಿಸಿದಂತಿಲ್ಲ. ಬೆಂದಿದೆಯೇ ಎಂದು ನೋಡಲು ಕಡ್ಡಿ ಚುಚ್ಚುವ, ಅದಕ್ಕೆ ಹಿಟ್ಟು ಅಂಟದಿದ್ದರೆ ಬೆಂದಿದೆಯೆಂದು ತಿಳಿಯುವ ವಿಧಾನವೂ ಇದೆ. ಆದರೆ ಒಬ್ಬರ ಕಡ್ಡಿಯ ಸಾಕ್ಷ್ಯವನ್ನು ಇನ್ನೊಬ್ಬರು ಒಪ್ಪದಿರುವುದರಿಂದ ಕೇಕು ಹೊರಬರುವಾಗ ಅದರ ಮೈ ಕಜ್ಜಾಯ ಒತ್ತುವ ಸಟ್ಟುಗದಂತೆ ತೂತುಮಯವಾಗಿರುತ್ತದೆ.

ಹೊಂಡ ಬಿದ್ದ ಕೇಕಿಗೆ ‘ಬ್ರೌನಿ’ ಎಂದು ಮರುನಾಮಕರಣ ಮಾಡುವುದು ಒಂದು ಪರಿಹಾರ, ಏಕೆಂದರೆ ಬ್ರೌನಿ ಎಂಬ ತಿನಿಸು ಉಬ್ಬದೆ ಒತ್ತಾಗಿಯೇ ಇರಬೇಕಾದುದು. ಎರಡನೆಯ ಪರಿಹಾರವನ್ನು ಹೇಳಿದೊಡನೆ ಈ ಪ್ರಬಂಧದ ಮೊದಲ ಪುಟದ ಪ್ರತಿಪಾದನೆಗೇ ಧಕ್ಕೆ ಬರುವುದಾದರೂ ಮುಚ್ಚಿಡುವುದು ಪ್ರಾಮಾಣಿಕವಲ್ಲ. ತೂಕದಲ್ಲಿ ಚಾಕೊಲೇಟಿನಷ್ಟೇ ಕೆನೆ, ಅಂದರೆ ಕ್ರೀಮು, ತೆಗೆದುಕೊಂಡು, ಅದನ್ನು ಕುದಿ ಬರುವ ಮುನ್ನ ಇಳಿಸಿ, ಹೆಚ್ಚಿಟ್ಟ ಚಾಕೊಲೇಟಿನ ಮೇಲೆ ಸುರಿದು, ಒಂದೆರಡು ನಿಮಿಷ ಬಿಟ್ಟು ನಡುವಿನಿಂದ ಹೊರಕ್ಕೆ ತಿರುವಿದರೆ ದೊರೆಯುವ ಹೊಳಪಿನ ಸಾರಕ್ಕೆ ಫ್ರೆಂಚರು ‘ಗನಾಷ್’ ಎನ್ನುತ್ತಾರೆ. ಇದನ್ನು ಕೇಕು ಆರಿದ ಮೇಲೆ ಸುರಿದರೆ ಹೊಂಡ ತುಂಬುತ್ತದೆ, ತೂತುಗಳು ಮುಚ್ಚುತ್ತವೆ, ಸೀದ ಅಂಚು ಮರೆಯಾಗುತ್ತದೆ, ಮತ್ತು ಸಾಧಾರಣ ಕೇಕು ಶ್ರೀಮಂತ ಕೇಕೆಂಬ ಹೆಸರು ಪಡೆಯುತ್ತದೆ. ಎಲ್ಲ ಮುಗಿದ ಮೇಲೆ, ಬಿಸಿಯಾಗಿ, ಮೇಲಿನಿಂದ ಸುರಿದು ಹಿಂದಿನ ತಪ್ಪುಗಳನ್ನೆಲ್ಲ ಮುಚ್ಚುವ ಈ ದ್ರವ್ಯಕ್ಕೆ ಕನ್ನಡದಲ್ಲಿ ಯಾವ ಹೆಸರಿದೆಯೆಂದು ವಿವರಿಸಬೇಕಿಲ್ಲ. ಅಜ್ಜಿಯ ಆಕ್ಷೇಪ ಒಂದೇ: ‘ಎಲ್ಲಾ ಸರಿ, ಚೊಂಯ್ ಅನ್ನಲಿಲ್ಲವಲ್ಲೇ.’

ಹುಟ್ಟುಹಬ್ಬದ ಸಂಜೆ ಈ ಕೇಕಿನ ಮೇಲೆ ಮೇಣದ ಬತ್ತಿ ಹಚ್ಚಿ ಬಾಯಿಂದ ಊದಿ ಆರಿಸುವಾಗ, ದೀಪವನ್ನು ‘ಆರಿಸು’ ಎಂದು ಬಾಯಿಬಿಟ್ಟು ಹೇಳಲೂ ಹಿಂಜರಿಯುವ ಹಿರಿಯರು ಮುಖ ಆಚೆ ತಿರುಗಿಸುತ್ತಾರೆ. ತುಂಡು ತಟ್ಟೆಗೆ ಬಂದಾಗ ಮುಖ ಮತ್ತೆ ಈಚೆ ತಿರುಗುತ್ತದೆ. ಕೇಕು ಮುಸುರೆಯೋ ಅಲ್ಲವೋ, ಅಂದರೆ ನೀರು ಸೋಕಿ ಬೆಂದ ಅನ್ನದ ವರ್ಗಕ್ಕೆ ಸೇರುವುದೋ ಅಥವಾ ಕರಿದ ತಿಂಡಿಗಳ ವರ್ಗಕ್ಕೋ ಎಂಬ ಜಿಜ್ಞಾಸೆ ಆ ಹೊತ್ತಿಗೆ ಯಾರ ಪ್ರಯತ್ನವೂ ಇಲ್ಲದೆ ಮುಂದಿನ ಹುಟ್ಟುಹಬ್ಬಕ್ಕೆ ಮುಂದೂಡಲ್ಪಟ್ಟಿರುತ್ತದೆ. ಮರುದಿನ ಬೆಳಗ್ಗೆ ಬೇಳೆಗೆಂದು ಇಟ್ಟ ಕುಕ್ಕರು ಅರ್ಧ ಗಂಟೆಯಾದರೂ ಕೂಗುವುದಿಲ್ಲ, ಸುತ್ತಲೂ ಹಬೆ ಸೋರುತ್ತಿರುತ್ತದೆ, ಮತ್ತು ನಿನ್ನೆ ಗ್ಯಾಸ್ಕೆಟ್ಟನ್ನು ತೆಗೆದು ಎಲ್ಲಿ ಇಟ್ಟಿರೆಂದು ಮನೆಮಂದಿಯೆಲ್ಲ ಒಬ್ಬರನ್ನೊಬ್ಬರು ಕೇಳುತ್ತ, ಫ್ರಿಜ್ಜಿನ ಹಿಂದೆ ಬಗ್ಗಿ ನೋಡುತ್ತಿರುತ್ತಾರೆ.