ಗ್ರಾಫಿಕ್ಸ್ ಕಾರ್ಡುಗಳ ತಾರತಮ್ಯ ವಿಚಾರ

ಜಗತ್ತಿನ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಎರಡೇ ಜಾತಿ: ಕೊಳ್ಳಬೇಕೆಂದುಕೊಂಡದ್ದು ಮತ್ತು ಕೊಂಡದ್ದು. ಇವೆರಡರ ನಡುವಣ ಅಂತರವೆಷ್ಟು ಎಂಬುದೇ ಪ್ರಸ್ತುತ ಪ್ರಬಂಧದ ಜಿಜ್ಞಾಸೆ. ಎನ್‌ವಿಡಿಯಾ ಕಂಪನಿ 1999ರಲ್ಲಿ ಜೀಫೋರ್ಸ್ 256 ಎಂಬುದನ್ನು ‘ಜಗತ್ತಿನ ಮೊದಲ ಜಿಪಿಯು’ ಎಂದು ಸಾರಿ ಮಾರಿದಂದಿನಿಂದ ಈ ಪ್ರಶ್ನೆ ವಿದ್ವಜ್ಜನರನ್ನು, ಅಂದರೆ ಎಂಜಿನಿಯರಿಂಗ್ ಮೂರನೇ ಸೆಮಿಸ್ಟರಿನ ಹುಡುಗರನ್ನು, ಕಾಡುತ್ತ ಬಂದಿದೆ. ಪೂರ್ವಸೂರಿಗಳು ಇದನ್ನು ಯೂಟ್ಯೂಬಿನ ಥಂಬ್‌ನೇಲಿನಲ್ಲಿ ಬಾಯಿ ಬಿಟ್ಟುಕೊಂಡು ಚರ್ಚಿಸಿದ್ದಾರೆ. ನಾವು ಬಾಯಿ ಮುಚ್ಚಿಕೊಂಡು ಚರ್ಚಿಸುತ್ತೇವೆ. ನಮ್ಮ ಸಂಶೋಧನೆಯ ಹೊಸತನವಿರುವುದು ಇಲ್ಲಿ.

ಮಾದರಿಗಳ ಆಯ್ಕೆಯಲ್ಲಿ ಸಂಪೂರ್ಣ ನಿಷ್ಪಕ್ಷಪಾತವನ್ನು ಪಾಲಿಸಿ, ಮನೆಯಲ್ಲಿ ಇದ್ದವನ್ನೇ ತೆಗೆದುಕೊಂಡಿದ್ದೇವೆ. ಆಢ್ಯಪಕ್ಷದಲ್ಲಿ 2022ರ ಆರ್‌ಟಿಎಕ್ಸ್ 4090. ಇದು ‘ಮಷಿನ್ ಲರ್ನಿಂಗ್ ಪ್ರಾಜೆಕ್ಟಿಗೆ ಬೇಕೇ ಬೇಕು’ ಎಂದು ಅಣ್ಣನ ಮಗ ಅಣ್ಣನಿಂದ ವಸೂಲು ಮಾಡಿದ್ದು. ಮಷಿನ್ ಇನ್ನೂ ಏನನ್ನೂ ಕಲಿತಿಲ್ಲ. ಬಡಪಕ್ಷದಲ್ಲಿ 2023ರ ಆರ್‌ಟಿಎಕ್ಸ್ 4060, ಪ್ರಬಂಧಕಾರನ ಸ್ವಯಾರ್ಜಿತ ಆಸ್ತಿ.

ಮೊದಲು ಗಣಿತ. 4090ರಲ್ಲಿ 16,384 ಕೋರುಗಳು, 4060ರಲ್ಲಿ 3,072. ಬಿಡುಗಡೆಯಾದಾಗ ಅಮೆರಿಕದಲ್ಲಿ ಅದಕ್ಕೆ 1,599 ಡಾಲರ್, ಇದಕ್ಕೆ 299. ಕೋರನ್ನು ಕೋರಿನಿಂದ, ಡಾಲರನ್ನು ಡಾಲರಿನಿಂದ ಭಾಗಿಸಿದರೆ ಎರಡು ಕಡೆಯೂ ಬರುವುದು 5.3. ವ್ಯಾಪಾರದಲ್ಲಿ ಇಷ್ಟೊಂದು ಪ್ರಾಮಾಣಿಕತೆಯೇ ಎಂದು ಕಣ್ಣೊರೆಸಿಕೊಂಡು ಆಟ ಹಚ್ಚಿದೆವು. 1080ಪಿ ಪರದೆಯಲ್ಲಿ ಅಂತರ ಎರಡು ಪಟ್ಟಿನ ಆಸುಪಾಸಿಗೇ ನಿಂತುಬಿಟ್ಟಿತು. ಏಕೆಂದರೆ ಯಾವ ರಾಕ್ಷಸ ಎಲ್ಲಿ ನಿಂತಿದ್ದಾನೆ, ಗುಂಡು ಯಾರಿಗೆ ತಗುಲಿತು ಎಂದು ನಿರ್ಧರಿಸುವುದು ಸಿಪಿಯು. ಅದು ಹೇಳಿದ ಮೇಲಷ್ಟೇ ಕಾರ್ಡು ಚಿತ್ರ ಬರೆಯಬೇಕು. ಚಿತ್ರ ಚಿಕ್ಕದಾದರೆ 4090 ಬೇಗ ಬೇಗ ಬರೆದು ಮುಗಿಸಿ, ಮುಂದಿನ ಅಪ್ಪಣೆಗೆ ಕಾಯುತ್ತ ಖಾಲಿ ಕೂರುತ್ತದೆ. ಅದರ ಪೂರ್ತಿ ದುಡಿಮೆ ಕಾಣಬೇಕಾದರೆ 4ಕೆ ಪರದೆಗೆ ಹೋಗಬೇಕು. ಅಲ್ಲಿ ಬಿಡಿಸಬೇಕಾದ ಬಿಂದುಗಳು 20,73,600ರಿಂದ 82,94,400ಕ್ಕೆ, ಸರಿಯಾಗಿ ನಾಲ್ಕು ಪಟ್ಟು ಏರುತ್ತವೆ. 4060ರ 8 ಜಿಬಿ ಮೆಮೊರಿ ತುಂಬಿ, ಉಳಿದದ್ದನ್ನು ಕಂಪ್ಯೂಟರಿನ ರ‍್ಯಾಮಿನಿಂದ ಕಡ ತರಲು ಓಡಾಡುತ್ತ, ಆಟ ತೊದಲತೊಡಗುತ್ತದೆ. 24 ಜಿಬಿಯ 4090ಗೆ ಇದು ಗೊತ್ತೇ ಆಗುವುದಿಲ್ಲ. ಅಂತರ ಮೂರು ಪಟ್ಟಿನ ಆಚೀಚೆ ಹೋಗುತ್ತದೆ. ಆದರೆ 4ಕೆ ಮಾನಿಟರ್ ಇರಬೇಕಲ್ಲ? ಅಣ್ಣನ ಮಗನ ಬಳಿ ಅದಕ್ಕೂ ಅರ್ಜಿ ತಯಾರಿತ್ತು. ಹೀಗಾಗಿ ದುಬಾರಿ ಕಾರ್ಡಿನ ಮೊದಲ ಸಾಮರ್ಥ್ಯವೆಂದರೆ ಮತ್ತಷ್ಟು ದುಬಾರಿ ಸಾಮಾನುಗಳನ್ನು ಕೊಳ್ಳಿಸುವ ಸಾಮರ್ಥ್ಯ. ಈ ಒಂದು ವಿಭಾಗದಲ್ಲಿ 4060 ಹೇಳಹೆಸರಿಲ್ಲದಂತೆ ಸೋತಿತು.

ಇನ್ನು ಪ್ರಮಾಣ ವಿಚಾರ. ನಮ್ಮ ತಾರ್ಕಿಕರು ಒಪ್ಪಿದ ಪ್ರಮಾಣಗಳಲ್ಲಿ ಶಬ್ದವೂ ಒಂದು. ಆಪ್ತರು ಹೇಳಿದರೆ ನಂಬಬಹುದು. 2025ರ ಜನವರಿಯಲ್ಲಿ ಲಾಸ್ ವೇಗಾಸಿನ ವೇದಿಕೆಯಿಂದ ಎನ್‌ವಿಡಿಯಾದ ಯಜಮಾನ ಜೆನ್ಸನ್ ಹುವಾಂಗ್, 549 ಡಾಲರಿನ 5070 ಕಾರ್ಡು 4090ರ ಕಾರ್ಯಕ್ಷಮತೆ ಕೊಡುತ್ತದೆ ಎಂದರು. ಅಣ್ಣನ ಮಗ ಆ ರಾತ್ರಿ ಊಟ ಮಾಡಲಿಲ್ಲ. ಆಪ್ತವಾಕ್ಯಕ್ಕೆ ಭಾಷ್ಯ ಓದಿದ ಮೇಲೆ ಅವನ ಹಸಿವು ಮರಳಿತು: ಹೊಸ ಕಾರ್ಡು ಒಂದು ಚಿತ್ರ ಬರೆದರೆ, ಕೃತಕ ಬುದ್ಧಿಮತ್ತೆ ಅದರ ಬೆನ್ನಿಗೆ ಮೂರು ಚಿತ್ರಗಳನ್ನು ಊಹಿಸಿ ಸೇರಿಸುತ್ತದೆ. ಬರೆದದ್ದು ಒಂದು, ಲೆಕ್ಕ ಕೊಟ್ಟದ್ದು ನಾಲ್ಕು. ಗುಂಡಿ ಒತ್ತಿದ ಬೆರಳಿಗೆ ಉತ್ತರ ಕೊಡುವುದು ಮಾತ್ರ ಆ ಒಂದೇ.

ಹೆಸರನ್ನಾದರೂ ನಂಬೋಣವೆಂದರೆ ಅಲ್ಲೂ ತೊಡಕು. ಬಡವರ ಪಾಲಿನ ಜಿಟಿ 1030 ಹುಟ್ಟಿದ್ದು 2017ರಲ್ಲಿ, ಸೆಕೆಂಡಿಗೆ 48 ಜಿಬಿ ದತ್ತಾಂಶ ಸಾಗಿಸುವ ಮೆಮೊರಿಯೊಂದಿಗೆ. ಮರುವರ್ಷ ಸದ್ದಿಲ್ಲದೆ ಬಂದ ಇನ್ನೊಂದು ಜಿಟಿ 1030ರಲ್ಲಿ ಅಗ್ಗದ ಡಿಡಿಆರ್4 ಮೆಮೊರಿಯಿತ್ತು, ಸಾಗಾಟ 16.8 ಜಿಬಿಗೆ ಇಳಿದಿತ್ತು. ಹೆಸರು ಮಾತ್ರ ಅದೇ. ನಾಗವರ್ಮರಿಬ್ಬರನ್ನು ಬೇರ್ಪಡಿಸಲು ನಮ್ಮ ಸಾಹಿತ್ಯ ಚರಿತ್ರಕಾರರು ಪಟ್ಟ ಪಾಡನ್ನು ನೆನೆದು, ಇವನ್ನು ಒಂದನೆಯ 1030, ಎರಡನೆಯ 1030 ಎಂದು ಕರೆಯಬೇಕೆಂದು ಸೂಚಿಸುತ್ತೇವೆ. ಕಾಲನಿರ್ಣಯಕ್ಕೆ ರಟ್ಟಿನ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳೇ ಆಧಾರ. ಸಿರಿವಂತರ ಮನೆಯಲ್ಲೂ ಇದೇ ಗೋಳು: 2022ರ ಸೆಪ್ಟೆಂಬರಿನಲ್ಲಿ ಘೋಷಣೆಯಾದ 12 ಜಿಬಿಯ 4080ಯನ್ನು, ಜನ ಬೈದರೆಂದು, ಅಕ್ಟೋಬರಿನಲ್ಲಿ ಕಂಪನಿಯೇ ಹಿಂತೆಗೆದುಕೊಂಡಿತು. ಅದು ಮುಂದಿನ ಜನವರಿಯಲ್ಲಿ 4070 ಟಿಐ ಎಂಬ ಹೆಸರಿನಲ್ಲಿ 100 ಡಾಲರ್ ಅಗ್ಗವಾಗಿ ಪುನರ್ಜನ್ಮ ಪಡೆಯಿತು.

ಶಾಖದ ವಿಷಯ ಚುಟುಕಾಗಿ ಹೇಳಿಬಿಡೋಣ. ಕಾರ್ಡಿನ ಕಸುವು ಪರೀಕ್ಷಿಸಲು ಪಂಡಿತರು ಬಳಸುವ ಫರ್‌ಮಾರ್ಕ್ ಎಂಬ ತಂತ್ರಾಂಶ ತೆರೆದರೆ ಪರದೆಯ ಮೇಲೆ ಮೈತುಂಬ ರೋಮ ಬೆಳೆದ ಉದ್ದಿನ ವಡೆಯಂಥದ್ದೊಂದು ಗಿರಗಿರ ತಿರುಗುತ್ತದೆ. ಒಂದೊಂದು ರೋಮವನ್ನೂ ಬರೆಯಲು ಹೆಣಗಿ ಕಾರ್ಡು ಕಾಯುತ್ತದೆ. 4060ರ ವಿದ್ಯುತ್ ಮಿತಿ 115 ವಾಟ್, 4090ರದು 450. ಈ 450 ವಾಟ್ ಒಳಹೋಗುವುದು ಹೆಬ್ಬೆರಳಿನಗಲದ ಹದಿನಾರು ಪಿನ್ನಿನ ಕನೆಕ್ಟರಿನ ಮೂಲಕ. ಅದು ಪೂರ್ತಿ ಒಳಗೆ ಕೂರದಿದ್ದರೆ ಕರಗಿಹೋಗಬಹುದೆಂಬುದು 2022ರ ಕೊನೆಯಲ್ಲಿ ಹಲವರಿಗೆ ಪ್ರತ್ಯಕ್ಷವಾಗಿಯೇ ತಿಳಿಯಿತು. ಅಣ್ಣನ ಮಗ ವಾರಕ್ಕೊಮ್ಮೆ ಮೊಬೈಲ್ ಟಾರ್ಚ್ ಹಿಡಿದು, ಕ್ಯಾಬಿನೆಟ್ಟಿನ ಗಾಜು ಬಿಚ್ಚಿ, ಮೂಗನ್ನು ಒಳಗಿಟ್ಟು ಅದರ ವಾಸನೆ ನೋಡುತ್ತಾನೆ. 4060 ಇಟ್ಟುಕೊಂಡವನಿಗೆ ಇಂಥ ನಿತ್ಯಕರ್ಮಗಳ ಭಾಗ್ಯವಿಲ್ಲ.

ಉಳಿದದ್ದು ಪ್ರತ್ಯಕ್ಷ ಪ್ರಮಾಣ. ಪ್ರಯೋಗ ಹೀಗಿತ್ತು. ಎರಡೂ ಯಂತ್ರಗಳನ್ನು ಮೇಜಿನಡಿ ಬೆಡ್‌ಶೀಟ್ ಹೊದಿಸಿಟ್ಟು, ಒಂದೇ ಹಳೆಯ 60 ಹರ್ಟ್ಸ್ ಮಾನಿಟರಿಗೆ ಕೇಬಲ್ ಅದಲುಬದಲು ಮಾಡಿದೆವು. ಕಾರ್ಡು ಸೆಕೆಂಡಿಗೆ ಇನ್ನೂರು ಚಿತ್ರ ಬರೆದರೂ ಈ ಮಾನಿಟರ್ ತೋರಿಸುವುದು 60 ಸಲ ಮಾತ್ರ. ಪರದೆಯ ಎಡ ಮೂಲೆಯಲ್ಲಿ ಹಸಿರು ಅಂಕಿಯಲ್ಲಿ ಮೂಡುವ ಎಫ್‌ಪಿಎಸ್ ಲೆಕ್ಕದ ಮೇಲೆ ಬಿಸ್ಕತ್ತಿನ ರಟ್ಟು ಕತ್ತರಿಸಿ ಅಂಟಿಸಿದೆವು. ಅಣ್ಣನ ಮಗ ಕೂತ, ಆಡಿದ. ಆಡುವಾಗ ಅವನ ಕಣ್ಣು ಶತ್ರುವಿನ ಮೇಲಿರಲಿಲ್ಲ, ರಟ್ಟಿನ ಮೇಲಿತ್ತು. ಎರಡು ಸಲ ಉಗುರಿನಿಂದ ಸೆಲೋಟೇಪ್ ಕೆರೆದ. ಕೊನೆಗೆ, ‘ಇದೇ ನೋಡಿ ಚಿಕ್ಕಪ್ಪ 4090. ಬೆಣ್ಣೆ, ಬೆಣ್ಣೆ!’ ಎಂದ. ಬೆಡ್‌ಶೀಟ್ ಎತ್ತಿದೆವು. ಬೆಣ್ಣೆ ನಮ್ಮ 4060ರದ್ದಾಗಿತ್ತು. ಅವನು ಕ್ಷಣಕಾಲ ಸುಮ್ಮನಿದ್ದು, ‘ನಿಮ್ಮ ಕೇಬಲ್ ಸರಿಯಿಲ್ಲ’ ಎಂದ. ವಿದ್ವತ್ ಚರ್ಚೆಯಲ್ಲಿ ಭಿನ್ನಾಭಿಪ್ರಾಯವನ್ನು ಗೌರವಿಸಬೇಕಾದ್ದರಿಂದ ಅದನ್ನೂ ದಾಖಲಿಸಿದ್ದೇವೆ.

ಫಲಿತಾಂಶ ದುಬಾರಿ ಕಾರ್ಡಿನ ವಿರುದ್ಧವೆಂದು ಯಾರೂ ತಿಳಿಯಬಾರದು. ರಟ್ಟು ತೆಗೆದೊಡನೆ 4090 ಎಷ್ಟು ಚೆನ್ನಾಗಿದೆಯೆಂಬುದು ಎಲ್ಲರಿಗೂ ಕಂಡಿತು.

ಸಂಶೋಧನೆಯನ್ನು 32 ಜಿಬಿ ಮೆಮೊರಿಯ, 575 ವಾಟಿನ 5090ಗೂ ವಿಸ್ತರಿಸುವ ಉದ್ದೇಶದಿಂದ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಕ್ಷೇತ್ರಕಾರ್ಯಕ್ಕೆ ಹೋದೆವು. ಅಂಗಡಿಯ ಹುಡುಗ ತಲೆಯೆತ್ತದೆ ಕೇಳಿದ:

‘ಎಸ್‌ಎಂಪಿಎಸ್ ಎಷ್ಟು ವಾಟ್ ಇದೆ ಸಾರ್?’

‘450.’

ಈಗ ತಲೆಯೆತ್ತಿದ. ನಮ್ಮನ್ನು, ನಮ್ಮ ಕೈಯಲ್ಲಿದ್ದ ಟಿಪ್ಪಣಿ ಪುಸ್ತಕವನ್ನು ನೋಡಿ, ದನಿ ತಗ್ಗಿಸಿ ಹೇಳಿದ: ‘ಲೈಟ್ ಬರೋ ಮೌಸ್ ಪ್ಯಾಡ್ ಇದೆ, ತಗೊಂಡ್ಹೋಗಿ ಸಾರ್. ಎಫ್‌ಪಿಎಸ್ ಜಾಸ್ತಿ ಬಂದಂಗೆ ಅನ್ಸತ್ತೆ.’

ತಂದಿದ್ದೇವೆ. ಅನಿಸುತ್ತಿದೆ.